ಹಾಜರಿಪಟ್ಟಿಯ ಹೊರಗಿನ ಸಾವು: ಅಹಮದಾಬಾದ್–ವಡೋದರಾ–ಸೂರತ್ ಹಾದಿಯ ರಸ್ತೆ ಕೂಲಿಗಳು

ಕೆಲಸದ ಜಾಗದಲ್ಲಿ ಸತ್ತ ಕೂಲಿಯ ಮನೆಯವರು, ಧಣಿಯ ತಪ್ಪನ್ನು ಸಾಬೀತು ಮಾಡದೆಯೂ ಪರಿಹಾರ ಕೇಳಬಹುದು ಎಂಬ ಕಾನೂನು ಬ್ರಿಟಿಷ್ ಭಾರತದಲ್ಲಿ ಜಾರಿಗೆ ಬಂದದ್ದು 1924ರ ಜುಲೈ 1ರಂದು. ಅದಕ್ಕೂ ಮೊದಲು ಇದ್ದದ್ದು 1855ರ ಮಾರಕ ಅಪಘಾತಗಳ ಕಾಯ್ದೆ. ಅದರ ಪ್ರಕಾರ ಸಿವಿಲ್ ದಾವೆ ಹೂಡಬೇಕು, ಎದುರಾಳಿಯ ಅಲಕ್ಷ್ಯವನ್ನು ತೋರಿಸಬೇಕು. ಜಲ್ಲಿ ಹೊತ್ತು ಹೊಟ್ಟೆ ಹೊರೆಯುವ ಕುಟುಂಬಕ್ಕೆ ಅಂಥ ದಾವೆ ಎಟುಕುವಂಥದಾಗಿರಲಿಲ್ಲ. ಹೀಗಾಗಿ ರಸ್ತೆ ಕೂಲಿಯ ಸಾವಿನ ಇತಿಹಾಸವನ್ನು 1924ರಿಂದ ಶುರುಮಾಡಿ, ಅಲ್ಲಿಂದ ಸುಧಾರಣೆಯ ಮೆಟ್ಟಿಲುಗಳನ್ನು ಎಣಿಸುತ್ತ ಹೋಗುವುದು ರೂಢಿ. ಅಹಮದಾಬಾದಿನಿಂದ ವಡೋದರಾ ಮಾರ್ಗವಾಗಿ ಸೂರತ್‌ಗೆ ಇಳಿಯುವ ಹಾದಿಯನ್ನು ಮುಂದಿಟ್ಟುಕೊಂಡು ನೋಡಿದರೆ ಈ ರೂಢಿಯ ಕಥನ ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ. ಕೂಲಿಯೊಬ್ಬ ಸತ್ತನೆಂದು ತೋರಿಸುವುದು ಈ ಹಾದಿಯಲ್ಲಿ ಎಂದೂ ಕಷ್ಟವಾಗಿರಲಿಲ್ಲ. ಆತ ಅಲ್ಲಿ ದುಡಿಯುತ್ತಿದ್ದನೆಂದು ತೋರಿಸುವುದೇ ಕಷ್ಟವಾಗಿತ್ತು, ಈಗಲೂ ಆಗಿದೆ. ಈ ಲೇಖನದ ವಾದ ಇಷ್ಟೇ.

ಕಾನೂನಿಗಿಂತ ಮೊದಲು ಕಥೆಯಿತ್ತು. ಸೋಲಂಕಿ ದೊರೆ ಸಿದ್ಧರಾಜ ಜಯಸಿಂಹ 12ನೆಯ ಶತಮಾನದಲ್ಲಿ ಪಾಟಣದಲ್ಲಿ ಸಹಸ್ರಲಿಂಗ ತಲಾವ್ ತೋಡಿಸಿದ. ಮಣ್ಣು ಹೊರಲು ಬಂದ ಓಡ್ ಸಮುದಾಯದ ಜಸ್ಮಾ ಎಂಬ ಹೆಣ್ಣಿನ ಮೇಲೆ ಅವನ ಕಣ್ಣು ಬಿತ್ತು, ಅವಳು ಒಪ್ಪಲಿಲ್ಲ, ಗಂಡ ಸತ್ತ, ಅವಳೂ ಸತ್ತಳು, ಸಾಯುವ ಮುನ್ನ ಕೆರೆಯಲ್ಲಿ ನೀರು ನಿಲ್ಲದಿರಲಿ ಎಂದು ಶಪಿಸಿದಳು. ಆ ಶಾಪ ಕಳೆಯಲು ಪ್ರಾಣ ಕೊಟ್ಟವನು ನೇಕಾರ ಕುಲದ ಮೇಘ ಮಾಯಾ. ಗುಜರಾತಿನ ಭವಾಯಿ ಆಟದವರು ಜಸ್ಮಾಳನ್ನು ಇಂದಿಗೂ ಆಡುತ್ತಾರೆ. ಪಾಟಣದಲ್ಲಿ ಅವಳಿಗೆ ಗುಡಿಯಿದೆ. ಕನ್ನಡದ ಓದುಗರಿಗೆ 'ಕೆರೆಗೆ ಹಾರ'ದ ಭಾಗೀರಥಿ ನೆನಪಾಗದೆ ಇರಲಾರಳು. ನಮ್ಮ ಕಡೆ ಕೆರೆ ಕಟ್ಟಿದ, ಕಲ್ಲು ಸೀಳಿದ, ರಸ್ತೆಗೆ ಮಣ್ಣು ಹಾಕಿದ ವಡ್ಡರು, ಅಂದರೆ ಇಂದಿನ ಭೋವಿಗಳು, ಮಾಡಿದ ಕೆಲಸವನ್ನೇ ಅಲ್ಲಿ ಓಡ್ ಜನ ಮಾಡಿದರು. ಕಲ್ಲುವಡ್ಡರು, ಮಣ್ಣುವಡ್ಡರು, ಬಂಡಿವಡ್ಡರು ಎಂಬ ನಮ್ಮ ಒಳವಿಂಗಡಣೆಯೇ ಒಂದು ಕಾಲದ ಲೋಕೋಪಯೋಗಿ ಇಲಾಖೆಯ ಹಾಗಿದೆ. ಇವುಗಳನ್ನು ಬರೀ ಜಾನಪದವೆಂದು ಪಕ್ಕಕ್ಕಿಡುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಸಾರ್ವಜನಿಕ ಕಾಮಗಾರಿಯಲ್ಲಿ ಸತ್ತವರು ಹೆಸರು ಸಮೇತ ಉಳಿದುಕೊಂಡಿರುವುದು ಇಂಥ ಕಥೆಗಳಲ್ಲೇ. ಆದರೆ ಕಥೆ ಅದಕ್ಕೆ ಬೆಲೆ ಕೇಳುತ್ತದೆ: ಸಾವು ಬಲಿದಾನವಾಗಬೇಕು, ಇಲ್ಲವೇ ಶಾಪವಾಗಬೇಕು. ಸುಮ್ಮನೆ ದಂಡೆ ಕುಸಿದು ಮಣ್ಣಿನಡಿ ಸಿಕ್ಕವನಿಗೆ ಹಾಡಿಲ್ಲ.

19ನೆಯ ಶತಮಾನದ ಎರಡನೆಯ ಅರ್ಧದಲ್ಲಿ ಈ ಸೀಮೆಯ ರಸ್ತೆಗಳ ಚಹರೆ ಬದಲಾಯಿತು. ಸೂರತ್ ಪಕ್ಕದ ಉತ್ರಾಣದಿಂದ ಅಂಕಲೇಶ್ವರದವರೆಗೆ ರೈಲು ಓಡಿದ್ದು 1860ರ ಫೆಬ್ರುವರಿಯಲ್ಲಿ. 1863ರ ಹೊತ್ತಿಗೆ ಹಳಿ ಅಹಮದಾಬಾದ್ ಮುಟ್ಟಿತು. ಹತ್ತಿಯ ಗಾಡಿಗಳನ್ನು ಸ್ಟೇಷನ್ನಿಗೆ ತಲುಪಿಸಲು ಮಳೆಗಾಲದಲ್ಲೂ ಹೂಳದ ರಸ್ತೆ ಬೇಕಾಯಿತು. ಕಪ್ಪುಮಣ್ಣಿನ ನೆಲದಲ್ಲಿ ಅಂಥ ರಸ್ತೆಯೆಂದರೆ ಜಲ್ಲಿ. ಸ್ಕಾಟ್ಲೆಂಡಿನ ಮೆಕಾಡಮ್ ಹಾಕಿಕೊಟ್ಟ ಪದ್ಧತಿಯಲ್ಲಿ ಆರು ಔನ್ಸಿಗಿಂತ ಭಾರದ ಕಲ್ಲು ರಸ್ತೆಗೆ ಬೀಳಬಾರದು. ಕೂತು ಸಣ್ಣ ಸುತ್ತಿಗೆಯಿಂದ ಒಡೆದರೆ ಹೆಂಗಸರೂ ಮಕ್ಕಳೂ ಈ ಕೆಲಸ ಮಾಡಬಲ್ಲರು. ಇಂಗ್ಲೆಂಡಿನ ಬಡವರಿಗೆಂದು ಹುಟ್ಟಿದ ಈ ಲೆಕ್ಕಾಚಾರ ಇಲ್ಲಿಗೆ ಬಂದಾಗ ಕುಟುಂಬಕ್ಕೆ ಕುಟುಂಬವೇ ರಸ್ತೆಯ ಬದಿಗೆ ಬಂದು ಕೂತಿತು. ಗಂಡಸು ಕಲ್ಲು ಎಬ್ಬಿಸುವುದು, ಹೆಂಗಸು ಒಡೆಯುವುದು, ಮಕ್ಕಳು ಬುಟ್ಟಿಗೆ ತುಂಬುವುದು.

ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಬಾಂಬೆ ಪ್ರೆಸಿಡೆನ್ಸಿ ಗ್ಯಾಸೆಟಿಯರುಗಳು ಈ ಕಾಲಕ್ಕೆ ದೊಡ್ಡ ಆಕರ: ಸೂರತ್–ಭರೂಚ್ ಸಂಪುಟ 1877ರದು, ಅಹಮದಾಬಾದಿನದು 1879ರದು, ಬರೋಡಾದ್ದು 1883ರದು. ರಸ್ತೆಗಳು ಒಂದು ಅಧ್ಯಾಯದಲ್ಲಿ, ಮಣ್ಣು ಅಗೆಯುವ ಜಾತಿಗಳು ಇನ್ನೊಂದರಲ್ಲಿ. ಎರಡನ್ನೂ ಜೋಡಿಸಿ ಓದುವ ಕೆಲಸ ನಮಗೇ ಬಿಟ್ಟದ್ದು. ಸೂರತ್‌ನಲ್ಲಿ ತಾಪಿ ನದಿಯ ಮೇಲೆ 1877ರಲ್ಲಿ ಎದ್ದ ಸೇತುವೆಗೆ ಥಿಯೊಡೋರ್ ಹೋಪ್ ಎಂಬ ಅಧಿಕಾರಿಯ ಹೆಸರು. ಅಹಮದಾಬಾದಿನಲ್ಲಿ 1875ರ ನೆರೆಗೆ ಮರದ ಸೇತುವೆ ಕೊಚ್ಚಿಹೋದ ಮೇಲೆ ಸಾಬರಮತಿಗೆ 1892ರಲ್ಲಿ ಉಕ್ಕಿನ ಸೇತುವೆ ಬಂತು. ಅದಕ್ಕೆ ಕಮಿಷನರ್ ಎಲ್ಲಿಸ್ ಹೆಸರು. ಅದನ್ನು ಕಟ್ಟಿಸಿದ ಎಂಜಿನಿಯರ್ ಹಿಮ್ಮತ್‌ಲಾಲ್ ಧೀರಜ್‌ರಾಮ್ ಭಾಚೇಚ್ ಅಂದಾಜಿಗಿಂತ ಕಡಿಮೆ ಖರ್ಚಿನಲ್ಲಿ ಮುಗಿಸಿದರೆಂದು ಸರ್ಕಾರಕ್ಕೇ ಗುಮಾನಿ ಬಂದು ತನಿಖೆ ನಡೆಯಿತು, ಕೆಲಸ ಗಟ್ಟಿಯೆಂದು ಗೊತ್ತಾದ ಮೇಲೆ ಸನ್ಮಾನವಾಯಿತು. ಪ್ರಾಮಾಣಿಕತೆಯೂ ಅನುಮಾನಕ್ಕೆ ಎಡೆಮಾಡುತ್ತಿದ್ದ ಇಲಾಖೆ ಅದು!

ರಸ್ತೆ ಕೂಲಿ ಸರ್ಕಾರದ ಕಾಗದದಲ್ಲಿ ದೊಡ್ಡ ಸಂಖ್ಯೆಯಲ್ಲಿ ಮೂಡುವುದು ಬರಗಾಲದಲ್ಲಿ. ನಮ್ಮಲ್ಲಿ 1876–78ರ ಕ್ಷಾಮವನ್ನು ಧಾತು, ಈಶ್ವರ ಸಂವತ್ಸರಗಳ ಹೆಸರಿನಿಂದ ನೆನೆಯುವಂತೆ ಗುಜರಾತಿನಲ್ಲಿ 1899–1900ರ ಬರಕ್ಕೆ 'ಛಪ್ಪನಿಯೊ' ಎನ್ನುತ್ತಾರೆ. ಅದು ವಿಕ್ರಮ ಶಕೆ 1956. ಎರಡೂ ಬರಗಳ ನಡುವೆ ನೇರ ನಂಟಿದೆ. 1877ರಲ್ಲಿ ರಿಚರ್ಡ್ ಟೆಂಪಲ್ ಎಂಬ ಬ್ರಿಟಿಷ್ ಅಧಿಕಾರಿ ಗಂಡಾಳಿಗೆ ದಿನಕ್ಕೊಂದು ಪೌಂಡ್ ಧಾನ್ಯ ಮತ್ತು ಒಂದಾಣೆ ಸಾಕೆಂದು ಕೂಲಿಯನ್ನು ಇಳಿಸಿದ. ಬಾಂಬೆ ಪ್ರಾಂತದ ದಖ್ಖಣಿ ಜಿಲ್ಲೆಗಳಲ್ಲಿ ಕೂಲಿಗಳು ಕಾಮಗಾರಿ ಬಿಟ್ಟು ಎದ್ದು ಹೋದರು. ನಂತರ ಬಂದ ಕ್ಷಾಮ ಸಂಹಿತೆಗಳು ಕೂಲಿಯ ಅಳತೆಯನ್ನು ತಿದ್ದಿದವಾದರೂ ಒಂದು ನಂಬಿಕೆಯನ್ನು ಬಿಡಲಿಲ್ಲ: ನಿಜವಾಗಿ ಹಸಿದವನು ಮಾತ್ರ ಜಲ್ಲಿ ಒಡೆಯಲು ಬರುತ್ತಾನೆ, ಆದ್ದರಿಂದ ಜಲ್ಲಿ ಒಡೆಯುವುದೇ ಹಸಿವಿನ ಪರೀಕ್ಷೆ.

ಗುಜರಾತು ಪಶ್ಚಿಮ ಭಾರತದ ತೋಟವೆಂದು ಹೆಸರಾಗಿದ್ದ ನಾಡು. ದೊಡ್ಡ ಬರದ ಅಭ್ಯಾಸ ಜನಕ್ಕೂ ಇರಲಿಲ್ಲ, ಅಧಿಕಾರಿಗಳಿಗೂ ಇರಲಿಲ್ಲ. 1899ರ ಮಳೆ ಕೈಕೊಟ್ಟಿತು. ಮೊದಲು ದನಗಳು ಸತ್ತವು, ಆಮೇಲೆ ಜನ ಕಾಮಗಾರಿಗಳತ್ತ ನಡೆದರು. ನಿಗದಿ ಮಾಡಿದಷ್ಟು ಜಲ್ಲಿ ಒಡೆಯದವರಿಗೆ ಕೂಲಿ ಕಡಿತವಾಗುತ್ತಿತ್ತು. ಬಾಂಬೆ ಸರ್ಕಾರ ಕಡಿತದ ಕೆಳಮಿತಿಯನ್ನು ಕೂಡ ತಗ್ಗಿಸಿತ್ತು. ದಂಡದ ಕನಿಷ್ಠ ಕೂಲಿ ಎಂಬ ಈ ಏರ್ಪಾಡನ್ನು 1901ರಲ್ಲಿ ಆಂಟನಿ ಮ್ಯಾಕ್‌ಡೊನೆಲ್ ಆಯೋಗ ಟೀಕಿಸಿತು. ನಿತ್ರಾಣಗೊಂಡವನು ಕಡಿಮೆ ಒಡೆಯುತ್ತಾನೆ, ಕಡಿಮೆ ಒಡೆದವನಿಗೆ ಕಡಿಮೆ ಅನ್ನ, ಮರುದಿನ ಇನ್ನೂ ಕಡಿಮೆ ಒಡೆಯುತ್ತಾನೆ. 1900ರ ಬೇಸಿಗೆಯಲ್ಲಿ ಪಂಚಮಹಲದ ಕಾಮಗಾರಿಗಳಿಗೆ ಕಾಲರಾ ಹೊಕ್ಕಿತು. ಸಾವಿರಾರು ಜನ ಒಂದೇ ಕಡೆ ಸೇರಿ, ಬತ್ತುತ್ತಿದ್ದ ಬಾವಿಯ ನೀರನ್ನೇ ಕುಡಿಯುವ ಜಾಗದಲ್ಲಿ ರೋಗ ಹಬ್ಬುವುದಕ್ಕೆ ಬೇರೆ ಕಾರಣ ಬೇಕಿರಲಿಲ್ಲ. ಹೆದರಿದವರು ಚದರಿ ಊರಿಗೆ ಓಡಿದರು, ರೋಗವೂ ಅವರ ಜೊತೆಗೇ ನಡೆಯಿತು.

ಇವರು ಏನೆಂದು ಸತ್ತರು? ರಸ್ತೆಯ ಮೇಲೆ ದುಡಿಯುತ್ತ, ರಸ್ತೆಯ ನೀರು ಕುಡಿದು ಸತ್ತರು. ಆದರೆ ದಾಖಲೆಯಲ್ಲಿ ಅವರು ಕೂಲಿಗಳಲ್ಲ, ಪರಿಹಾರ ಪಡೆಯುತ್ತಿದ್ದವರು. ಸಾವು ಅಪಘಾತವಲ್ಲ, ಮರಣ ಪ್ರಮಾಣ. ಬರೋಡಾ ಸಂಸ್ಥಾನದಲ್ಲಿ 1891ರಲ್ಲಿ 24 ಲಕ್ಷ ದಾಟಿದ್ದ ಜನಸಂಖ್ಯೆ 1901ರಲ್ಲಿ 19.5 ಲಕ್ಷಕ್ಕೆ ಇಳಿಯಿತು. ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡ್ ಬರಪೀಡಿತ ಪ್ರದೇಶಗಳಲ್ಲಿ ಸುತ್ತಾಡಿ ತಮ್ಮ ಟಿಪ್ಪಣಿಗಳನ್ನು ಪ್ರಕಟಿಸಿದರು. ರಾಜನೊಬ್ಬ ಹೀಗೆ ಬರೆದದ್ದು ವಿಶೇಷವೇ. ಆದರೂ ಜನಗಣತಿಯ ಆ ಇಳಿಕೆಯೊಳಗಿನಿಂದ ರಸ್ತೆ ಕೂಲಿಗಳನ್ನು ಬೇರ್ಪಡಿಸಿ ಎಣಿಸಲು ದಾರಿಯಿಲ್ಲ.

ಬರವಿಲ್ಲದ ವರ್ಷಗಳಲ್ಲಿ ಇದ್ದದ್ದು ವೇಠ್, ನಮ್ಮ ಬಿಟ್ಟಿ. ಸಾಹೇಬರ ಸಾಮಾನು ಹೊರುವುದರಿಂದ ಹಿಡಿದು ನಾನಾ ಕೆಲಸಗಳಿಗೆ ಹಳ್ಳಿಯವರನ್ನು ಹಿಡಿದು ತರುತ್ತಿದ್ದರು. 1917ರ ನವೆಂಬರಿನಲ್ಲಿ ಗೋಧ್ರಾದಲ್ಲಿ ಗಾಂಧೀಜಿಯ ಅಧ್ಯಕ್ಷತೆಯಲ್ಲಿ ಸೇರಿದ ಗುಜರಾತ್ ರಾಜಕೀಯ ಪರಿಷತ್ತು ಇದರ ವಿರುದ್ಧ ನಿಂತಿತು. ವಲ್ಲಭಭಾಯಿ ಪಟೇಲರು ಕಮಿಷನರ್ ಪ್ರ್ಯಾಟ್ ಜೊತೆ ಪತ್ರ ವ್ಯವಹಾರಕ್ಕಿಳಿದರು. ಇದೇ ಸೀಮೆಯ ದಾಹೋದದಲ್ಲಿ 1922ರಲ್ಲಿ ಭೀಲ್ ಸೇವಾ ಮಂಡಲ ಕಟ್ಟಿದ ಠಕ್ಕರ್ ಬಾಪಾ ಮೂಲತಃ ಸಿವಿಲ್ ಎಂಜಿನಿಯರ್, ಉಗಾಂಡಾ ರೈಲುಮಾರ್ಗದಲ್ಲೂ ಬಾಂಬೆ ಮುನಿಸಿಪಾಲಿಟಿಯಲ್ಲೂ ದುಡಿದವರು. ಕೂಲಿಗಳನ್ನು ಕಾಮಗಾರಿಯ ಮೇಲೆ ಕಂಡಿದ್ದ ಮನುಷ್ಯ ಅವರ ಊರಿಗೇ ಹೋಗಿ ನೆಲೆಸಿದ್ದು ಈ ಇತಿಹಾಸದಲ್ಲಿ ಅಪರೂಪ.

ಈಗ ಮೊದಲಲ್ಲಿ ಹೇಳಿದ, 1924ರಲ್ಲಿ ಜಾರಿಗೆ ಬಂದ 1923ರ ಕಾರ್ಮಿಕರ ಪರಿಹಾರ ಕಾಯ್ದೆ. ಪ್ರಾಯದ ಕೂಲಿ ಸತ್ತರೆ 30 ತಿಂಗಳ ಕೂಲಿ ಅಥವಾ 2,500 ರೂಪಾಯಿ, ಇದರಲ್ಲಿ ಯಾವುದು ಕಡಿಮೆಯೋ ಅದು. ಎಳೆಯನಾದರೆ 200 ರೂಪಾಯಿ. ತಿಂಗಳಿಗೆ 10 ರೂಪಾಯಿ ದುಡಿಯುವವನೆಂದು ಹಿಡಿದರೆ ಅವನ ಜೀವಕ್ಕೆ 300 ರೂಪಾಯಿ. ಮೊತ್ತಕ್ಕಿಂತ ಮುಖ್ಯವಾದದ್ದು, ಕಾರ್ಮಿಕನೆಂದರೆ ಯಾರು ಎಂಬುದು. ತಿದ್ದುಪಡಿಗಳ ನಂತರ ಕಾಯ್ದೆಯ ಅನುಸೂಚಿಯಲ್ಲಿ ರಸ್ತೆ, ಸೇತುವೆ, ಸುರಂಗ, ಕಾಲುವೆಗಳ ಕೆಲಸ ಸ್ಪಷ್ಟವಾಗಿ ಸೇರಿತು. ಗುತ್ತಿಗೆದಾರನ ಕೈಕೆಳಗಿನವನಿಗೂ ಮೂಲ ಧಣಿಯೇ ಹೊಣೆಯೆಂಬ 12ನೆಯ ಕಲಮು ಮೊದಲಿನಿಂದ ಇತ್ತು. ಇನ್ನೊಂದು ಬದಿಯಲ್ಲಿ, ಧಣಿಯ ಕಸುಬಿಗೆ ಸೇರದ ಕೆಲಸಕ್ಕೆ ಆಗೊಮ್ಮೆ ಈಗೊಮ್ಮೆ ಬಂದ ಕೂಲಿಯನ್ನು ಕಾಯ್ದೆ ಹೊರಗಿಟ್ಟಿತು. ಈ ಹೊರಗಿಡುವಿಕೆ ರದ್ದಾದದ್ದು 2000ದಲ್ಲಿ. ಅಹಮದಾಬಾದಿನ ಗಿರಣಿ ಕಾರ್ಮಿಕನಿಗೆ ಒಂದು ಗೇಟಿತ್ತು, ರಿಜಿಸ್ಟರಿನಲ್ಲಿ ಹೆಸರಿತ್ತು, 1920ರಿಂದ ಮಜೂರ್ ಮಹಾಜನ್ ಎಂಬ ಸಂಘವಿತ್ತು. ರಸ್ತೆ ಕೂಲಿಯ ಕೆಲಸದ ಜಾಗವೇ ದಿನದಿನಕ್ಕೆ ಮುಂದೆ ಸರಿಯುವಂಥದು. ಜೊತೆಗೆ ಬ್ರಿಟಿಷ್ ಭಾರತದ ಕಾಯ್ದೆ ಗಾಯಕವಾಡರ ಗಡಿಯಲ್ಲಿ ನಿಂತುಬಿಡುತ್ತಿತ್ತು. ಅಹಮದಾಬಾದ್, ಭರೂಚ್, ಸೂರತ್ ಬ್ರಿಟಿಷರವು. ನಡುವಿನ ವಡೋದರಾ, ದಕ್ಷಿಣದ ನವಸಾರಿ ಸಂಸ್ಥಾನದವು. 1949ರ ಮೇ 1ರಂದು ಬರೋಡಾ ಬಾಂಬೆ ಪ್ರಾಂತಕ್ಕೆ ಸೇರುವವರೆಗೆ ಒಂದೇ ಹೆದ್ದಾರಿಯ ಎರಡು ತುಂಡುಗಳಲ್ಲಿ ಬೇರೆ ಬೇರೆ ಆಡಳಿತ.

ಗಡಿ ಹೋಯಿತು, ಆದರೆ ಇನ್ನೊಂದು ಗಡಿ ಹುಟ್ಟಿತು. ಇಂದು ಈ ಮೂರೂ ನಗರಗಳ ರಸ್ತೆಗಳನ್ನು ಅಗೆಯುವವರಲ್ಲಿ ದೊಡ್ಡ ಪಾಲು ಭೀಲರದು. ಅವರ ಊರುಗಳು ಗುಜರಾತಿನ ದಾಹೋದ, ಮಧ್ಯಪ್ರದೇಶದ ಝಾಬುವಾ, ರಾಜಸ್ಥಾನದ ಬಾಂಸವಾಡಾ. ದೀಪಾವಳಿ ಮುಗಿಸಿ ಗುಳೆ ಹೊರಡುತ್ತಾರೆ, ಹೋಳಿಗೆ ಊರಿಗೆ ಬರುತ್ತಾರೆ, ಮಳೆಗೆ ಹೊಲ ನೋಡಿಕೊಳ್ಳುತ್ತಾರೆ. ಯಾದಗಿರಿ, ವಿಜಯಪುರದಿಂದ ಗೋವಾ, ಪುಣೆ, ಮುಂಬೈಗೆ ಗುಳೆ ಹೋಗುವವರ ಬದುಕು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಮುಂಗಡ ಕೊಟ್ಟು ಗುಂಪು ಕರೆತರುವವನು ಮುಕಾದಮ್, ನಮ್ಮ ಮೇಸ್ತ್ರಿ. ಬಿಡಿ ಕೂಲಿಗಳು ಬೆಳಿಗ್ಗೆ ಕಡಿಯಾನಾಕಾದಲ್ಲಿ, ಅಂದರೆ ದಿನಗೂಲಿಗೆ ಆಳು ಸಿಗುವ ಚೌಕದಲ್ಲಿ, ನಿಲ್ಲುತ್ತಾರೆ. 1960ರ ದಶಕದಿಂದ ದಕ್ಷಿಣ ಗುಜರಾತಿನಲ್ಲಿ ಅಧ್ಯಯನ ಮಾಡಿದ ಡಚ್ ಸಮಾಜಶಾಸ್ತ್ರಜ್ಞ ಯಾನ್ ಬ್ರೆಮನ್ ತೋರಿಸಿದ ಒಂದು ಸಂಗತಿ ಇಲ್ಲಿ ಮುಖ್ಯ: ಊರಿನವರಿಗೇ ಕೆಲಸ ಸಾಲದ ಕಡೆಗೆ ಹೊರಗಿನವರನ್ನು ತರುವುದು ಕೊರತೆಯಿಂದಲ್ಲ, ಹೊರಗಿನವರು ಹೇಳಿದಂತೆ ಕೇಳುತ್ತಾರೆಂಬ ಕಾರಣಕ್ಕೆ. ಇನ್ನು ಕಾನೂನಿಗೆ ಬಂದರೆ, 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಝಾಬುವಾದವನನ್ನು ವಲಸಿಗನೆಂದು ಗುರುತಿಸಿತು. ಅದೇ ಗುಂಪಿನಲ್ಲಿ, ಅದೇ ಮಾತಾಡುತ್ತ, ಅದೇ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಮಲಗುವ ದಾಹೋದದ ನೆಂಟನನ್ನು ಗುರುತಿಸಲಿಲ್ಲ. ಅವನು ರಾಜ್ಯದ ಗಡಿ ದಾಟಿಲ್ಲವಲ್ಲ.

ನ್ಯಾಯಾಲಯಗಳು ಕೆಲವೊಮ್ಮೆ ಬಾಗಿಲು ತೆರೆದಿವೆ. ರಾಜಸ್ಥಾನದ ಅಜ್ಮೇರ್ ಜಿಲ್ಲೆಯಲ್ಲಿ ಮದನಗಂಜ್–ಹರ್ಮಾಡಾ ರಸ್ತೆಯ ಬರಪರಿಹಾರ ಕಾಮಗಾರಿಯಲ್ಲಿ ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟದ್ದು ಸಂವಿಧಾನದ 23ನೆಯ ವಿಧಿ ನಿಷೇಧಿಸುವ ಬಲವಂತದ ದುಡಿಮೆಯೇ ಎಂದು 1983ರ ಸಂಜಿತ್ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತೀರ್ಪು ಬರೆದ ನ್ಯಾಯಮೂರ್ತಿ ಪಿ.ಎನ್. ಭಗವತಿ ಗುಜರಾತಿನವರು, ಅಲ್ಲಿನ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಟೆಂಪಲ್ ಕೂಲಿಯ ಹಿಂದಿನ ತರ್ಕ ಕಾನೂನಿನಲ್ಲಿ ಬಿದ್ದುಹೋದದ್ದು ಅಂದು, ಒಂದು ಶತಮಾನಕ್ಕೂ ಹೆಚ್ಚು ಕಾಲದ ಮೇಲೆ.

ಇನ್ನೊಂದು ತೀರ್ಪು ಬಾಗಿಲು ಮುಚ್ಚಿತು. ಪೋರಬಂದರಿನ ಉಪ್ಪಿನ ಕಾರ್ಖಾನೆಯೊಂದರ ಕೂಲಿಗಳು ಕೆಲಸ ಮುಗಿಸಿ ದೋಣಿಯಲ್ಲಿ ಖಾರಿ ದಾಟುವಾಗ ದೋಣಿ ಮಗುಚಿ ಕೆಲವರು ಮುಳುಗಿ ಸತ್ತರು. ದೋಣಿ ಸಾರ್ವಜನಿಕರದು, ಕೆಲಸ ಮುಗಿದಿತ್ತು. ಆದ್ದರಿಂದ ಇದು ಕೆಲಸದ ವೇಳೆಯ ಅಪಘಾತವಲ್ಲ ಎಂದು ಸೌರಾಷ್ಟ್ರ ಸಾಲ್ಟ್ ಪ್ರಕರಣದಲ್ಲಿ 1958ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಕೆಲಸದ ಜಾಗದ ಎಲ್ಲೆಯನ್ನು ತುಸು ಹಿಗ್ಗಿಸಿ ನೋಡಬಹುದೆಂಬ ತತ್ವವನ್ನು ತೀರ್ಪು ಒಪ್ಪಿದರೂ ಖಾರಿಯವರೆಗೆ ಅದನ್ನು ಎಳೆಯಲಿಲ್ಲ. ಉಪ್ಪಿನ ಕೂಲಿಗಾದರೂ ದಾಟಿ ಸೇರಲು ಒಂದು ಮನೆಯಿತ್ತು. ರಸ್ತೆ ಬದಿಯಲ್ಲೇ ಅಡುಗೆ ಮಾಡಿ ಅಲ್ಲೇ ಮಲಗುವವನ ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತದೆ?

2021ರ ಜನವರಿ 19ರ ನಸುಕಿಗೆ ಮುಂಚೆ ಸೂರತ್ ಜಿಲ್ಲೆಯ ಕೀಮ್ ಬಳಿ ಲಾರಿಯೊಂದು ಕಬ್ಬು ತುಂಬಿದ ಟ್ರ್ಯಾಕ್ಟರಿಗೆ ತಗುಲಿ, ಹಿಡಿತ ತಪ್ಪಿ, ರಸ್ತೆಯಂಚಿನಲ್ಲಿ ಮಲಗಿದ್ದ ವಲಸೆ ಕೂಲಿಗಳ ಮೇಲೆ ಹರಿಯಿತು. 15 ಮಂದಿ ಸತ್ತರು, ಹೆಚ್ಚಿನವರು ಬಾಂಸವಾಡಾದವರು. ಸುದ್ದಿಯಾದದ್ದು ರಸ್ತೆ ಅಪಘಾತವೆಂದು. ಬಂದದ್ದು ಸರ್ಕಾರದ ಅನುಗ್ರಹಧನ. ಇಂಥ ಸಾವಿನಲ್ಲಿ ಹಕ್ಕಿನ ಹಾದಿ ಕವಲೊಡೆಯುತ್ತದೆ. ಸತ್ತವನು ಕೆಲಸದ ಮೇಲಿದ್ದನೆಂದು ಸಾಬೀತಾದರೂ ಮೋಟಾರು ವಾಹನ ಕಾಯ್ದೆಯ 167ನೆಯ ಕಲಮಿನಂತೆ ಮನೆಯವರು ವಾಹನದ ವಿಮೆಯಿಂದ ಕೇಳಬೇಕು ಅಥವಾ ಧಣಿಯಿಂದ ಕೇಳಬೇಕು, ಎರಡೂ ಕಡೆ ಕೇಳುವಂತಿಲ್ಲ. ವಿಮೆಯ ಹಾದಿಯಲ್ಲಿ ಹೆಚ್ಚು ಹಣ ಸಿಗುವ ಸಾಧ್ಯತೆ ಇರುವುದರಿಂದ ವಕೀಲರು ಅದನ್ನೇ ಹಿಡಿಯುವುದು ಸಹಜ. ಆಗ ಸತ್ತವನು ಕಾಗದದಲ್ಲಿ ದಾರಿಹೋಕನಾಗಿ ಉಳಿಯುತ್ತಾನೆ, ಗುತ್ತಿಗೆದಾರನ ಹೆಸರು ಕಡತಕ್ಕೆ ಬರುವುದೇ ಇಲ್ಲ. 1996ರ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯ್ದೆ ರಸ್ತೆ ಕೆಲಸವನ್ನು ಒಳಗೊಂಡಿತ್ತು ನಿಜ. ಆದರೆ ಅದರಡಿ ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ ಪುರಾವೆ ಬೇಕಿತ್ತು. ನಾಲ್ಕಾರು ಮುಕಾದಮರ ಕೈಕೆಳಗೆ ಚೂರುಚೂರಾಗಿ ದುಡಿದವನಿಗೆ ಆ ಚೀಟಿ ಬರೆದುಕೊಡುವವರು ಯಾರು?

ಪುರಾವೆಯನ್ನು ಕೆಲಸದ ಜಾಗದಲ್ಲೇ ಹುಡುಕಬೇಕೆಂದೇನೂ ಇಲ್ಲ. ಗೋಧ್ರಾ ಸುತ್ತಿನ ಸ್ಫಟಿಕ ಶಿಲೆ ಪುಡಿಮಾಡುವ ಘಟಕಗಳಲ್ಲಿ ದುಡಿದು ಸಿಲಿಕೋಸಿಸ್ ಹಿಡಿದು ಸತ್ತ ಝಾಬುವಾ, ಅಲಿರಾಜಪುರ, ಧಾರ್ ಜಿಲ್ಲೆಗಳ ಆದಿವಾಸಿಗಳ ಪ್ರಕರಣ ಇದಕ್ಕೆ ಉದಾಹರಣೆ. ಅದು ರಸ್ತೆಯ ಕೆಲಸವಲ್ಲ, ಸಾವೂ ಒಂದು ಕ್ಷಣದ್ದಲ್ಲ. ಆದರೆ ಗುಳೆಯ ದಾರಿ ಅದೇ, ಕಲ್ಲೂ ಧೂಳೂ ಅವೇ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರಲ್ಲಿ ಸತ್ತ 238 ಮಂದಿಯ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಕೊಡುವಂತೆ ಗುಜರಾತ್ ಸರ್ಕಾರಕ್ಕೆ ಹೇಳಿತು. 2016ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರಕ್ಕೆ ಆದೇಶಿಸಿತು. ಅಲ್ಲಿ ಸತ್ತವರ ಲೆಕ್ಕ ಸಿದ್ಧವಾದದ್ದು ಅವರ ಊರುಗಳಲ್ಲಿ, ಮನೆಮನೆ ತಿರುಗಿ ಯಾರು ಯಾವ ವರ್ಷ ಎಲ್ಲಿಗೆ ದುಡಿಯಲು ಹೋಗಿದ್ದರೆಂದು ಕೇಳಿ ಬರೆದ ಪಟ್ಟಿಗಳಿಂದ. ಅಹಮದಾಬಾದ್–ಸೂರತ್ ಹೆದ್ದಾರಿಯ ಕೂಲಿಗಳ ಇತಿಹಾಸ ಬರೆಯಲು ಹೊರಟವರು ಪೊಲೀಸ್ ಠಾಣೆಗೂ ಲೋಕೋಪಯೋಗಿ ಕಚೇರಿಗೂ ಹೋಗುವ ಮುನ್ನ ದಾಹೋದ, ಬಾಂಸವಾಡಾಗಳ ಗ್ರಾಮ ಪಂಚಾಯಿತಿಗಳ ಮರಣ ನೋಂದಣಿ ಪುಸ್ತಕಗಳನ್ನೂ ಮುಕಾದಮರ ಮುಂಗಡದ ಲೆಕ್ಕದ ವಹಿಗಳನ್ನೂ ಎದುರುಬದುರು ಇಟ್ಟು ಓದುವುದು ಒಳ್ಳೆಯದು. ಸತ್ತವನ ಹೆಸರು ಒಂದರಲ್ಲಿ ಇರುತ್ತದೆ, ಅವನು ಎಲ್ಲಿ ದುಡಿಯುತ್ತಿದ್ದನೆಂಬುದು ಇನ್ನೊಂದರಲ್ಲಿ.