ಗೇಮಿಂಗ್ ಲ್ಯಾಪ್‌ಟಾಪ್: ಕಾದರೆ ಬೆಲೆ ಇಳಿಯುತ್ತದೆಯೇ?

"ಹೊಸ ಗ್ರಾಫಿಕ್ಸ್ ಕಾರ್ಡ್ ಬರ್ತಾ ಇದೆ, ಸ್ವಲ್ಪ ತಡೆದರೆ ಹಳೆಯದು ಅರ್ಧ ಬೆಲೆಗೆ ಸಿಗುತ್ತೆ" ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರು ಇಂಥ ಲ್ಯಾಪ್‌ಟಾಪ್‌ಗೆ ಸಾಮಾನ್ಯವಾಗಿ ಬೆಳಗಾವಿಗೆ ಹೋಗಬೇಕು, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಬೇಕು. ಮಕ್ಕಳು ನಿಡಸೋಸಿಯಲ್ಲೋ ಬೆಳಗಾವಿಯಲ್ಲೋ ಎಂಜಿನಿಯರಿಂಗ್‌ಗೆ ಸೇರಿದಾಗ ಲಕ್ಷ ರೂಪಾಯಿ ಹೊಂದಿಸುವ ಮನೆಗಳಿಗೆ ಈ ಮಾತು ಎಷ್ಟು ನಿಜ ಎಂದು ನಾವು ಲೆಕ್ಕ ಹಾಕಿ ನೋಡಿದೆವು.

ಎನ್‌ವಿಡಿಯಾ ಕಂಪನಿ ಆರ್‌ಟಿಎಕ್ಸ್ 50 ಸರಣಿಯನ್ನು ಪ್ರಕಟಿಸಿದ್ದು 2025ರ ಜನವರಿಯಲ್ಲಿ. ದುಬಾರಿ ಮಾದರಿಗಳಿಗೆ ಮಾರ್ಚ್, 5070ಕ್ಕೆ ಏಪ್ರಿಲ್ ಎಂದು ಹೇಳಿತ್ತು. ಅಗ್ಗದ 5060 ಬಂದದ್ದು ಮೇ ತಿಂಗಳಲ್ಲಿ. ಅಂದರೆ ನಮ್ಮ ಬಜೆಟ್‌ನ ಕಾರ್ಡ್ ಬರುವುದೇ ಕೊನೆಗೆ.

ಇನ್ನು ಬೆಲೆ. 5070 ಇರುವ ಲ್ಯಾಪ್‌ಟಾಪ್‌ನ ಆರಂಭಿಕ ಬೆಲೆ 2025ರಲ್ಲಿ 1,299 ಡಾಲರ್ ಇತ್ತು. ಆಗಿನ ಸುಮಾರು 86 ರೂಪಾಯಿ ದರದಲ್ಲಿ ಅದು 1,11,700 ರೂಪಾಯಿ. ಬಹಳ ಜನ ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ. ಆದರೆ ಅಮೆರಿಕದ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. ನಮ್ಮ ಶೇ. 18 ಜಿಎಸ್‌ಟಿ ಸೇರಿಸಿದರೆ ಸುಮಾರು 1,31,800 ಆಗುತ್ತದೆ. ಸಾಗಣೆ, ಅಂಗಡಿಯವರ ಲಾಭ ಬೇರೆ.

ಹಳೆ ಮಾದರಿ ಅಗ್ಗವಾಗುವುದು ಸುಳ್ಳಲ್ಲ, ಆದರೆ ದಾಸ್ತಾನು ಮುಗಿಯುವವರೆಗೆ ಮಾತ್ರ. ಕಾಯುವುದರಲ್ಲಿ ಅಪಾಯವೂ ಇದೆ: 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಜೋರಾಗಿ ಏರಿತು. ಲ್ಯಾಪ್‌ಟಾಪ್‌ನ ರ‍್ಯಾಮ್ ಆಗಲಿ, ಗ್ರಾಫಿಕ್ಸ್ ಕಾರ್ಡ್ ಆಗಲಿ, ಎರಡಕ್ಕೂ ಮೆಮೊರಿ ಬೇಕೇ ಬೇಕು.

ಬೆಲೆಗಿಂತ ಹೆಚ್ಚು ಜನ ಮೋಸ ಹೋಗುವುದು ಸ್ಟಿಕ್ಕರ್ ಮೇಲಿನ ಸಂಖ್ಯೆ ನೋಡಿ. ಡೆಸ್ಕ್‌ಟಾಪ್‌ನ 5070ರಲ್ಲಿ 12 ಜಿಬಿ ಮೆಮೊರಿ ಇದ್ದರೆ, ಲ್ಯಾಪ್‌ಟಾಪ್‌ನ 5070 ಬಂದದ್ದು 8 ಜಿಬಿಯೊಂದಿಗೆ. ಹೆಸರು ಒಂದೇ, ಚಿಪ್ ಬೇರೆ. ಸಾಲದ್ದಕ್ಕೆ, ಲ್ಯಾಪ್‌ಟಾಪ್ ತಯಾರಕರು ಅದೇ ಕಾರ್ಡಿಗೆ 50ರಿಂದ 100 ವ್ಯಾಟ್‌ವರೆಗೆ ಎಷ್ಟು ಬೇಕಾದರೂ ವಿದ್ಯುತ್ ನಿಗದಿ ಮಾಡಬಹುದು. ಕಡಿಮೆ ವ್ಯಾಟ್‌ನ ತೆಳು ಲ್ಯಾಪ್‌ಟಾಪ್‌ನ 5070, ಪೂರ್ತಿ ವ್ಯಾಟ್‌ನ 5060ಕ್ಕಿಂತ ಹಿಂದೆ ಬೀಳಲೂಬಹುದು. ಅಂಗಡಿಯಲ್ಲಿ "ಇದು ಎಷ್ಟು ವ್ಯಾಟ್?" ಎಂದು ಕೇಳಿ; ಗೊತ್ತಿಲ್ಲ ಎಂದರೆ ಕಂಪನಿಯ ವೆಬ್‌ಸೈಟ್‌ನಲ್ಲಿ ಆ ಮಾದರಿಯ ವಿವರ ನೋಡಿ. ಕರೆಂಟ್ ಹೋಗಿ ಬ್ಯಾಟರಿಗೆ ಬಂದರಂತೂ ಯಾವ ಕಾರ್ಡ್ ಆದರೂ ವೇಗ ಇಳಿಯುತ್ತದೆ.

"ಈಗ ಚಿಕ್ಕದು ತಗೊಂಡು ಆಮೇಲೆ ಕಾರ್ಡ್ ಬದಲಿಸಿದರಾಯ್ತು" ಎನ್ನುವುದೂ ಆಗದ ಮಾತು. ಇಂದಿನ ಬಹುತೇಕ ಎಲ್ಲ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ಅದು ಕೆಟ್ಟರೆ ಬೋರ್ಡೇ ಬದಲಾಗಬೇಕಾಗಬಹುದು. ಹಾಗಾಗಿ ಮನೆಗೇ ಬಂದು ರಿಪೇರಿ ಮಾಡುವ ವಾರಂಟಿ ನಿಮ್ಮ ಊರಿನ ಪಿನ್‌ಕೋಡ್‌ಗೆ ಇದೆಯೇ ಎಂದು ಬಿಲ್ ಮಾಡಿಸುವ ಮೊದಲೇ ಕೇಳಿಕೊಳ್ಳಿ.