ಒಬ್ಬರು ಮಲಗಿದರೆ ಒಬ್ಬರು ಎಚ್ಚರ

ಸಮುದ್ರಯಾನದ ಇತಿಹಾಸ ಅಂದ ಕೂಡಲೇ ನಮಗೆ ನೆನಪಾಗೋದು ವಾಸ್ಕೋ ಡ ಗಾಮ, ಮೆಗಲನ್, ಕುಕ್. ಹಡಗಿನ ತುಂಬ ಗಂಡಸರು, ಫಿರಂಗಿಗಳು, ಮೆಣಸಿನ ಮೂಟೆ. ಗಂಡ ಹೆಂಡತಿ ಇಬ್ಬರೇ ಪುಟ್ಟ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಬಂದ ಕಥೆ ಶಾಲೆಯಲ್ಲಿ ಯಾರೂ ಹೇಳಿಕೊಡಲಿಲ್ಲ. ಹೇಳಬೇಕಿತ್ತು ಅಂತ ನನ್ನ ತಕರಾರು.

ಇಂಗ್ಲೆಂಡಿನ ಎರಿಕ್ ಮತ್ತು ಸೂಸನ್ ಹಿಸ್ಕಾಕ್ ಮದುವೆಯಾದದ್ದು 1941ರಲ್ಲಿ, ಯುದ್ಧದ ನಡುವೆ. 1952ರಲ್ಲಿ 'ವಾಂಡರರ್ 3' ಅನ್ನೋ ಮರದ ದೋಣಿ ಕಟ್ಟಿಸಿದರು. ಉದ್ದ ಸುಮಾರು 30 ಅಡಿ, ನಮ್ಮ ಸಿಟಿ ಬಸ್ಸಿಗಿಂತ ಗಿಡ್ಡ. ಅದರಲ್ಲೇ ಅಡುಗೆ, ನಿದ್ದೆ, ಪುಸ್ತಕ, ಜಗಳ. ಅದೇ ವರ್ಷ ಹೊರಟು ಪನಾಮಾ ಕಾಲುವೆ, ಪೆಸಿಫಿಕ್, ನ್ಯೂಜಿಲೆಂಡ್, ಹಿಂದೂ ಮಹಾಸಾಗರ, ಗುಡ್ ಹೋಪ್ ಭೂಶಿರ ದಾಟಿ ಊರಿಗೆ ಬಂದದ್ದು 1955ಕ್ಕೆ. ಗಾಳಿ ಚೆನ್ನಾಗಿದ್ದರೂ ಇಂಥ ದೋಣಿಯ ವೇಗ ಗಂಟೆಗೆ ಎಂಟೊಂಬತ್ತು ಕಿಲೋಮೀಟರು. ಸೈಕಲ್ಲಿನವನು ಹಿಂದೆ ಹಾಕಿ ಹೋಗ್ತಾನೆ!

ಇದನ್ನ ಕೇಳಿದವರು "ಆಹಾ, ಇಬ್ಬರೇ, ಸುತ್ತ ಸಮುದ್ರ, ಎಂಥ ಏಕಾಂತ" ಅಂತಾರೆ. ಲೆಕ್ಕ ಬೇರೆಯೇ ಇದೆ. ಇಬ್ಬರೇ ಇರುವ ದೋಣಿ ಸಾಗರ ದಾಟುವಾಗ ರಾತ್ರಿಯೆಲ್ಲ ಪಾಳಿ. ಒಬ್ಬರು ಕೆಳಗೆ ಮಲಗಿದರೆ ಇನ್ನೊಬ್ಬರು ಮೇಲೆ ಕತ್ತಲು ನೋಡುತ್ತ ಕೂರಬೇಕು. ಎದುರಿಗೆ ಹಡಗು ಬಂದೀತು, ಗಾಳಿ ತಿರುಗೀತು. ಜೋಡಿ ಹಾಯಿಗಳ ಹಗ್ಗವನ್ನು ಚುಕ್ಕಾಣಿಗೆ ಕಟ್ಟಿ ದೋಣಿ ತಾನೇ ದಾರಿ ಹಿಡಿಯುವಂತೆ ಮಾಡುವ ಉಪಾಯ ಹಿಸ್ಕಾಕರಿಗೆ ಗೊತ್ತಿತ್ತು, ಆದರೆ ಹಗ್ಗಕ್ಕೆ ಕಣ್ಣಿಲ್ಲವಲ್ಲ. ಹೀಗೆ ವಾರಗಟ್ಟಲೆ, ಒಂದೇ ದೋಣಿಯಲ್ಲಿದ್ದೂ ಒಟ್ಟಿಗೆ ಎಚ್ಚರವಿರುವ ಹೊತ್ತು ಕಮ್ಮಿ. ನನಗೆ ಪ್ರೀತಿ ಕಾಣೋದು ಇಲ್ಲೇ: ಈಜು ಬಂದರೂ ಉಪಯೋಗವಿಲ್ಲದ ನೀರಿನ ಮೇಲೆ, ಇನ್ನೊಬ್ಬರನ್ನು ನಂಬಿ ನಿದ್ದೆ ಹೋಗೋದರಲ್ಲಿ.

ಎರಿಕ್ ದೃಷ್ಟಿ ಮೊದಲಿನಿಂದಲೂ ಮಂದ. ಅಂದಮೇಲೆ ಸೂಸನ್ ಕಣ್ಣಿಗೆ ಎಷ್ಟು ಕೆಲಸವಿತ್ತೋ ಊಹಿಸಿ. ಆದರೆ ಆ ಯಾನದ ಪುಸ್ತಕದ ಮೇಲಿರುವ ಹೆಸರು ಎರಿಕ್‌ದು ಮಾತ್ರ. ಬರೆದವರು ಅವರೇ, ಅದು ಸರಿ. ಆದರೂ ಅರ್ಧ ರಾತ್ರಿಗಳು ಆಕೆಯವು ಅನ್ನೋದನ್ನ ಓದುಗ ಮರೆಯಬಾರದು.

1959ರಿಂದ 1962ರವರೆಗೆ ಅದೇ ದೋಣಿಯಲ್ಲಿ ಎರಡನೇ ಸುತ್ತು. ಆಮೇಲೆ ಅದನ್ನು ಮಾರಿ, ದೊಡ್ಡದೊಂದು ಉಕ್ಕಿನ ದೋಣಿ ಮಾಡಿಸಿಕೊಂಡು ಅದನ್ನೇ ಮನೆ ಮಾಡಿಕೊಂಡರು. 1986ರಲ್ಲಿ ಎರಿಕ್ ತೀರಿಕೊಂಡರು.

ಹಳೇ 'ವಾಂಡರರ್ 3' ಮಾತ್ರ ಮೂಲೆ ಸೇರಲಿಲ್ಲ. ಅದನ್ನು ಕೊಂಡ ಥೀಸ್ ಮಾಟ್ಸನ್, ಜೊತೆಗೆ ಬಂದ ಕಿಕಿ ಎರಿಕ್ಸನ್, ದಶಕಗಟ್ಟಲೆ ಅದರಲ್ಲೇ ಬಾಳಿದರು. ಅಂಟಾರ್ಕ್ಟಿಕಾದ ಕಡೆಯ ದಕ್ಷಿಣ ಜಾರ್ಜಿಯಾ ದ್ವೀಪದಲ್ಲಿ, ಪೆಂಗ್ವಿನ್‌ಗಳ ನೆರೆಯಲ್ಲಿ, ಚಳಿಗಾಲವನ್ನೂ ಆ ದೋಣಿಯಲ್ಲೇ ಕಳೆದರು. ಅಮೆರಿಕದ ಕ್ರೂಸಿಂಗ್ ಕ್ಲಬ್ ಕೊಡುವ ಬ್ಲೂ ವಾಟರ್ ಪದಕ 1955ರಲ್ಲಿ ಹಿಸ್ಕಾಕ್ ದಂಪತಿಗೆ ಬಂದಿತ್ತು. 2011ರಲ್ಲಿ ಅದೇ ಪದಕ ಇವರಿಬ್ಬರಿಗೆ ಬಂತು. ದೋಣಿ ಅದೇ.