ಹದಿನೆಂಟು ಪರ್ವಗಳ ಮರ: ಭಂಡಾರ್ಕರ್ ಮಹಾಭಾರತವನ್ನು ತೆರೆಯ ಮೇಲೆ ಜೋಡಿಸುವ ಬಗೆ

ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಲ್ಲಿ 1919ರಲ್ಲಿ ಶುರುವಾಗಿ 1966ರಲ್ಲಿ ಮುಗಿದ ಮಹಾಭಾರತದ ಪರಿಷ್ಕೃತ ಆವೃತ್ತಿಯನ್ನು ಕಂಪ್ಯೂಟರಿಗೆ ತರಹೊರಟವರಿಗೆ ಮೊದಲು ಹೊಳೆಯುವುದು ಮರದ ಆಕಾರವೇ. ಮುನೆಒ ತೊಕುನಾಗ ಸಿದ್ಧಪಡಿಸಿ ಜಾನ್ ಸ್ಮಿತ್ ತಿದ್ದಿದ ವಿದ್ಯುನ್ಮಾನ ಪಾಠದಲ್ಲಿ ಸಾಲಿನ ತಲೆಗೆ ಎಂಟಂಕಿಯ ಸಂಖ್ಯೆಯಿದೆ. 06023001 ಎಂದರೆ ಆರನೆಯ ಪರ್ವ, ಇಪ್ಪತ್ತಮೂರನೆಯ ಅಧ್ಯಾಯ, ಮೊದಲ ಶ್ಲೋಕ. ಗೀತೆ ಶುರುವಾಗುವ ಜಾಗ. ಸಂಖ್ಯೆಯನ್ನು ಮೂರು ತುಂಡು ಮಾಡಿದರೆ ಮರದಾಕಾರವನ್ನು ತೆರೆಯ ಮೇಲೆ ತೋರಿಸುವ ಜಾವಾದ ಸಲಕರಣೆ ಜೆಟ್ರೀಗೆ (JTree) ಬೇಕಾದ ಮಾದರಿ ಸಿದ್ಧ. ನೂರು ಉಪಪರ್ವಗಳಿಗೆ ಮಾತ್ರ ಇದರಲ್ಲಿ ಜಾಗವಿಲ್ಲ. ಅವನ್ನು ಬೇರೆ ಪಟ್ಟಿಯಿಂದ ತುಂಬಿಕೊಳ್ಳಬೇಕು.

ಶಾಂತಿಪರ್ವದಲ್ಲಿ 353 ಅಧ್ಯಾಯ, ಮಹಾಪ್ರಸ್ಥಾನಿಕದಲ್ಲಿ ಮೂರೇ. ಹಾಗಾಗಿ ಬಿಚ್ಚಿದ ಪರ್ವವನ್ನಷ್ಟೇ ತುಂಬುವುದು ಲೇಸು. ಒಳಗೇನೂ ತುಂಬಿರದಿದ್ದರೂ ಆ ಪರ್ವದ ನೋಡ್ (ಮರದ ಗೆಣ್ಣು) ತಾನು ಎಲೆಯಲ್ಲವೆಂದು ಉತ್ತರಿಸಬೇಕು, ಇಲ್ಲವಾದರೆ ಬಿಚ್ಚುವ ಗುರುತೇ ಮೂಡದು.

ನಿಜವಾದ ತೊಡಕು ಹಸ್ತಪ್ರತಿಗಳದು. ಈ ಆವೃತ್ತಿಯ ಸಂಪಾದಕ ವಿ.ಎಸ್. ಸುಕ್ಥಂಕರ್ 1933ರ ಆದಿಪರ್ವದ ಪ್ರಸ್ತಾವನೆಯಲ್ಲಿ ಪಾಠಗಳ ವಂಶವೃಕ್ಷ ಕೊಟ್ಟಿದ್ದಾರೆ: ಔತ್ತರಾಹದಲ್ಲಿ ಶಾರದಾ, ನೇಪಾಳಿ, ಮೈಥಿಲಿ, ಬಂಗಾಳಿ, ದೇವನಾಗರಿ, ದಾಕ್ಷಿಣಾತ್ಯದಲ್ಲಿ ತೆಲುಗು, ಗ್ರಂಥ, ಮಲಯಾಳ. ನೋಡಲು ಮರವೇ. ಆದರೆ ದೇವನಾಗರಿ ಪ್ರತಿಗಳು ಬೆರಕೆಯವು ಎಂದವರೂ ಅವರೇ. ಲಿಪಿಕಾರ ಎರಡು ಓಲೆಕಟ್ಟು ಎದುರಿಗಿಟ್ಟುಕೊಂಡು ಬರೆದ ಪ್ರತಿಗೆ ಮಾತೃಕೆ ಒಂದೇ ಅಲ್ಲವಲ್ಲ! ಜಾವಾ ಕೊಡುವ ಸಿದ್ಧ ನೋಡಿಗಾದರೋ ಒಂದೇ ಹೆತ್ತ ಕವಲು. ಆ ನೋಡನ್ನು ಎರಡನೆಯ ಕವಲಿಗೆ ಸೇರಿಸಿದೊಡನೆ, ದೋಷಸಂದೇಶವೂ ಇಲ್ಲದೆ, ಮೊದಲಿನದರಿಂದ ಕಳಚಿಕೊಳ್ಳುತ್ತದೆ. ಗ್ರಂಥಸಂಪಾದಕನ ಕಣ್ಣಿಗೆ ಇದು ಸಾಕ್ಷಿಯನ್ನೇ ಅಳಿಸಿದ ಹಾಗೆ. ಪ್ರತಿಗಳ ಸಂಬಂಧವನ್ನು ಈ ಸಲಕರಣೆಗೆ ಒಪ್ಪಿಸಲೇಬಾರದೆಂದು ನನ್ನ ಮತ. ಶ್ಲೋಕವನ್ನು ಆರಿಸಿದಾಗ ಪಕ್ಕದ ಚೌಕದಲ್ಲಿ ಪ್ರತಿಗಳ ಸಂಕೇತ, ಪಾಠಾಂತರ ಕಂಡರೆ ಸಾಕು. ಮುದ್ರಿತ ಸಂಪುಟದ ಪುಟದಡಿಯಲ್ಲಿ ಇರುವುದೂ ಅಷ್ಟೇ.

ಗಣಪತಿ ವ್ಯಾಸರಿಗೆ ಲಿಪಿಕಾರನಾದ ಕತೆಯನ್ನು ಸಂಪಾದಕರು ಮೂಲಪಾಠದಿಂದ ಆದಿಪರ್ವದ ಅನುಬಂಧಕ್ಕೆ ಸರಿಸಿದರು. ತೆರೆಯಲ್ಲಿ ಅದಕ್ಕೆ ಮೊದಲನೆಯ ಅಧ್ಯಾಯದ ಕೆಳಗೇ, ಬೂದು ಅಕ್ಷರದ ಮುಚ್ಚಿದ ಕವಲೊಂದು ಇರಲಿ. ಹುಡುಕಿ ಬಂದವರಿಗೆ ಸಿಗುತ್ತದೆ, ಮೂಲವೆಂಬ ಭ್ರಮೆಯೂ ಹುಟ್ಟದು.

ಸಾಲಿನ ಎತ್ತರ ನಿಗದಿಯಾಗಿದ್ದರೆ ದೊಡ್ಡ ಮರಗಳು ಚುರುಕಾಗಿ ತೆರೆದುಕೊಳ್ಳುತ್ತವೆ. ರೋಮನ್ ಅಕ್ಷರಕ್ಕೆ ಹೊಂದಿಸಿದ ಎತ್ತರದಲ್ಲಿ ಕನ್ನಡದ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ. ಅಳತೆ ನೋಡಲು ‘ವನಪರ್ವ’ ಸಾಲದು. ಒತ್ತಿನ ಮೇಲೆ ಒತ್ತು ಹೊತ್ತ ಹನ್ನೊಂದನೆಯ ‘ಸ್ತ್ರೀಪರ್ವ’ವನ್ನೇ ಇಟ್ಟು ನೋಡಬೇಕು.